ಸೋಮವಾರದ ಎರಡೂವರೆ ಗಂಟೆ: ಕೆಲಸದ ಜಾಗದ ಸಭೆಯಿಂದ ಕೆಲಸ ಆಗಬೇಕಾದರೆ ಏನು ಮಾಡಬೇಕು?

ಉತ್ಪಾದನಾ ವಿಭಾಗದ ಮುಖ್ಯಸ್ಥ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಎಲ್ಲರಿಗೂ ನಮಸ್ಕಾರ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ, ಮೊದಲು ಯಂತ್ರದ ಮುಂದೆ, ಆಮೇಲೆ ಶಿಫ್ಟ್ ಮೇಲ್ವಿಚಾರಣೆಯಲ್ಲಿ ದುಡಿದು, ಕಳೆದ ನಾಲ್ಕು ತಿಂಗಳಿಂದ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಈ ಹುದ್ದೆಯ ಜೊತೆಗೆ ಪ್ರತಿ ಸೋಮವಾರ ಬೆಳಿಗ್ಗೆ 10 ಗಂಟೆಯ ಸಾಪ್ತಾಹಿಕ ಸಭೆಯನ್ನು ನಡೆಸುವ ಜವಾಬ್ದಾರಿಯೂ ನನಗೆ ಬಂದಿದೆ. ಉತ್ಪಾದನೆ, ಗುಣಮಟ್ಟ, ನಿರ್ವಹಣೆ, ಸ್ಟೋರ್ಸ್, ಖರೀದಿ ಹೀಗೆ ಎಲ್ಲ ವಿಭಾಗಗಳಿಂದ 11 ಜನ ಸೇರುತ್ತೇವೆ. ಸಭೆ 12.30ಕ್ಕೆ ಮೊದಲು ಮುಗಿದ ದಿನ ನನಗೆ ನೆನಪಿಲ್ಲ. ಹನ್ನೊಂದು ಜನರ ಎರಡೂವರೆ ಗಂಟೆ ಎಂದರೆ ವಾರಕ್ಕೆ ಇಪ್ಪತ್ತೇಳೂವರೆ ಗಂಟೆ, ಅಂದರೆ ಒಬ್ಬ ಮನುಷ್ಯನ ಮೂರು ಪೂರ್ತಿ ಶಿಫ್ಟ್‌ಗಿಂತ ಹೆಚ್ಚು. ಅಷ್ಟು ಹೊತ್ತು ಒಂದು ಯಂತ್ರ ನಿಂತರೆ ನಾನು ಮೇಲಿನವರಿಗೆ ಲಿಖಿತ ಕಾರಣ ಕೊಡಬೇಕು. ಸಭೆಗೆ ಆ ಕಾರಣವನ್ನು ಯಾರೂ ಕೇಳುವುದಿಲ್ಲ.

ಹೊತ್ತು ಹೋಗುವುದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವ ಒಂದು ಘಟನೆಯನ್ನು ಹೇಳುತ್ತೇನೆ. ಒಂದು ಬುಷ್‌ನ ರಂಧ್ರ ಅಳೆಯುವ ಪ್ಲಗ್ ಗೇಜ್‌ನ ಕ್ಯಾಲಿಬ್ರೇಷನ್ (ಗೇಜ್‌ನ ಅಳತೆಯೇ ಸರಿಯಿದೆಯೇ ಎಂಬ ತಪಾಸಣೆ) ಅವಧಿ ಮುಗಿದಿದೆ ಎಂದು ಗುಣಮಟ್ಟ ವಿಭಾಗದವರು ಸಭೆಯಲ್ಲಿ ಹೇಳಿದರು. ಎಲ್ಲರೂ ಒಪ್ಪಿದೆವು. ನಡವಳಿಯಲ್ಲಿ "ಗೇಜ್‌ಗಳ ಕ್ಯಾಲಿಬ್ರೇಷನ್ ಬಗ್ಗೆ ಕೂಡಲೇ ಸೂಕ್ತ ಕ್ರಮ ವಹಿಸಲು ತೀರ್ಮಾನಿಸಲಾಯಿತು" ಎಂದು ಬರೆದದ್ದಾಯಿತು. ಮುಂದಿನ ವಾರವೂ ಅದೇ ವಾಕ್ಯ, ಅದರ ಮುಂದಿನ ವಾರವೂ ಅದೇ. ನಾಲ್ಕನೆಯ ವಾರ ಗ್ರಾಹಕರ ಕಡೆಯಿಂದ 640 ತುಂಡುಗಳು ವಾಪಸ್ ಬಂದವು. ಗೇಜ್‌ನ 'ಗೋ' ಬದಿ, ಅಂದರೆ ಸರಿಯಾದ ರಂಧ್ರದೊಳಕ್ಕೆ ಇಳಿಯಬೇಕಾದ ತುದಿ, ಸವೆದಿತ್ತು. ಸವೆದ ಗೇಜ್ ಅಳತೆಗಿಂತ ಕಿರಿದಾದ ರಂಧ್ರದೊಳಕ್ಕೂ ಸಲೀಸಾಗಿ ಇಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಪಾಸಾದ ತುಂಡಿನಲ್ಲಿ ಅಲ್ಲಿ ಪಿನ್ ಕೂರಲಿಲ್ಲ. ಮೂರು ನಡವಳಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ತಪ್ಪು ಯಾರದೆಂದು ಹೇಳಲು ನನಗೆ ಸಾಧ್ಯವಾಗಲಿಲ್ಲ, ಏಕೆಂದರೆ ಅದನ್ನು ಮಾಡಬೇಕಾದವರು ಯಾರೆಂದು ಮೂರರಲ್ಲಿ ಒಂದರಲ್ಲೂ ಇರಲಿಲ್ಲ.

ಸಭೆಯನ್ನು ನಿಲ್ಲಿಸಿಬಿಡುವುದು ಪರಿಹಾರವಲ್ಲ ಎಂದು ನನಗೆ ಅನ್ನಿಸುತ್ತದೆ. ವಿಭಾಗಗಳು ಮುಖಾಮುಖಿ ಕೂರುವುದು ಅಲ್ಲಿ ಮಾತ್ರ. ಆದರೆ ಈಗಿರುವಂತೆ ಮುಂದುವರಿಸುವುದೂ ಆಗದು. ಸಭೆ ನಡೆಸಿ ಅನುಭವ ಇರುವವರು, ಯಾವ ಕ್ಷೇತ್ರದವರಾದರೂ ಸರಿ, ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ನಿವೃತ್ತ ಕಚೇರಿ ಅಧೀಕ್ಷಕ, ಕುವೆಂಪುನಗರ, ಮೈಸೂರು

ತಮ್ಮ ಬರಹವನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಗಳಲ್ಲಿ ನಾನೇ ನೂರಾರು ನಡವಳಿಗಳನ್ನು ಬರೆದಿದ್ದೇನೆ. ಆದ್ದರಿಂದ ತಾವು ಉದ್ಧರಿಸಿದ ಆ ಒಂದು ವಾಕ್ಯದ ಬಗ್ಗೆಯೇ ಮೊದಲು ಹೇಳಬೇಕು. "ಕ್ರಮ ವಹಿಸಲು ತೀರ್ಮಾನಿಸಲಾಯಿತು" ಎಂಬ ವಾಕ್ಯದಲ್ಲಿ ಕರ್ತೃವೇ ಇಲ್ಲ. ಕ್ರಮ ವಹಿಸುವವರು ಯಾರು, ಯಾವ ದಿನದೊಳಗೆ, ವಹಿಸಿದ್ದನ್ನು ಯಾರಿಗೆ ತಿಳಿಸಬೇಕು ಎಂಬ ಮೂರರಲ್ಲಿ ಒಂದಕ್ಕೂ ಅದು ಉತ್ತರ ಕೊಡುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎಲ್ಲ ಕಡೆಗೂ ಸ್ವಲ್ಪ ಬೆಳಕು ಬಿದ್ದಂತೆ ತೋರುತ್ತದೆ, ಯಾವ ಕಡೆಗೂ ಸಾಲುವುದಿಲ್ಲ. ಕಚೇರಿ ಕನ್ನಡದಲ್ಲಿ ಈ 'ಲಾಯಿತು' ರೂಪ ಎಷ್ಟು ರೂಢಿಯಾಗಿದೆಯೆಂದರೆ, ಬರೆಯುವವರಿಗೆ ಅದು ಕೊರತೆ ಎಂದೇ ಅನ್ನಿಸುವುದಿಲ್ಲ. ನಡವಳಿಯಲ್ಲಿ ಆ ರೂಪವನ್ನು ನಿಷೇಧಿಸಿ ನೋಡಿ. "ಗುಣಮಟ್ಟ ವಿಭಾಗದ ಇಂಥವರು ಗುರುವಾರ ಸಂಜೆಯೊಳಗೆ ಗೇಜನ್ನು ಪ್ರಯೋಗಾಲಯಕ್ಕೆ ಕಳುಹಿಸಿ ರಸೀದಿಯನ್ನು ಕಡತಕ್ಕೆ ಸೇರಿಸುತ್ತಾರೆ" ಎಂದು ಬರೆಯಬೇಕಾಗಿ ಬಂದ ಕೂಡಲೇ, ಆ ಹೆಸರು ಯಾರದೆಂಬ ಪ್ರಶ್ನೆಯನ್ನು ಸಭೆಯಲ್ಲೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ನಡವಳಿಯ ಭಾಷೆ ಸರಿಯಾದರೆ ಸಭೆಯ ಅರ್ಧ ದೋಷ ತಾನಾಗಿ ಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು, ಅನುಪಾಲನಾ ವರದಿ. ಹಿಂದಿನ ಸಭೆಯ ತೀರ್ಮಾನಗಳಲ್ಲಿ ಏನೇನು ಆಗಿದೆ, ಏನು ಆಗಿಲ್ಲ ಎಂಬುದು ಕಾರ್ಯಸೂಚಿಯ ಮೊದಲ ವಿಷಯವಾಗಿರಬೇಕು. ಅನೇಕ ಕಡೆ ಅದನ್ನು ಕಾಟಾಚಾರಕ್ಕೆ ಓದಿ "ದೃಢೀಕರಿಸಲಾಯಿತು" ಎಂದು ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಕಾರ್ಯಸೂಚಿಯ ಕೊನೆಯಲ್ಲಿ ಬರುವ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಎಂಬ ಸಾಲಿನ ಬಗ್ಗೆಯೂ ಎಚ್ಚರದಿಂದಿರಿ. ನಾನು ಕಂಡಂತೆ ಅತ್ಯಂತ ದೊಡ್ಡ ವೆಚ್ಚದ ವಿಷಯಗಳು, ಯಾರೂ ಸಿದ್ಧರಾಗಿ ಬಂದಿರದ ವಿಷಯಗಳು, ಆ ಬಾಗಿಲಿನಿಂದಲೇ ಒಳಗೆ ಬರುತ್ತವೆ, ಅದೂ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ.

ಇನ್ನೊಂದು ಮಾತು. ಸಭೆಗಳಲ್ಲಿ ಕೇಳುವ ಸಭೆ ಮತ್ತು ತೀರ್ಮಾನಿಸುವ ಸಭೆ ಎಂಬ ಎರಡು ಬಗೆಗಳಿವೆ. ನಮ್ಮ ಮೈಸೂರಿನಲ್ಲೇ ಅದಕ್ಕೆ ಹಳೆಯ ಉದಾಹರಣೆ ಇದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ದಿವಾನರು ಆಡಳಿತದ ವರದಿಯನ್ನು ಸಭೆಯ ಮುಂದಿಡುತ್ತಿದ್ದರು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ತೀರ್ಮಾನಿಸುವ ಅಧಿಕಾರ ಆ ಸಭೆಗೆ ಇರಲಿಲ್ಲ. ಶಾಸನಬದ್ಧ ಸ್ಥಾನ ದೊರೆತದ್ದು 1923ರಲ್ಲಿ. ಅಧಿಕಾರವಿಲ್ಲದಿದ್ದರೂ ಆ ಸಭೆ ವ್ಯರ್ಥವಾಗಲಿಲ್ಲ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ತಾವು ಹೇಳುವುದಕ್ಕೂ ಕೇಳುವುದಕ್ಕೂ ಸೇರಿದ್ದೇವೆಂದು ಬಂದವರಿಗೆ ಗೊತ್ತಿತ್ತು. ತಮ್ಮ ಸೋಮವಾರದ ಸಭೆಯಲ್ಲಿ ಈ ಎರಡೂ ಕಲಸಿಹೋಗಿವೆ ಎಂದು ನನಗೆ ತೋರುತ್ತದೆ. ವರದಿ ಓದುವುದರಲ್ಲಿ ಎರಡು ಗಂಟೆ ಕಳೆದು, ಉಳಿದ ಅರ್ಧ ಗಂಟೆಯಲ್ಲಿ ತೀರ್ಮಾನಗಳನ್ನು ತುರುಕುತ್ತಿದ್ದೀರೇನೋ ಒಮ್ಮೆ ಗಮನಿಸಿ.

ಸ್ವಸಹಾಯ ಸಂಘಗಳ ಒಕ್ಕೂಟದ ಪುಸ್ತಕ ಬರಹಗಾರ್ತಿ, ಮದ್ದೂರು ತಾಲ್ಲೂಕು

ಸರ್, ನಮ್ಮದು ಕಾರ್ಖಾನೆಯಲ್ಲ, ಆದರೆ ಸಭೆಯೇ ನಮ್ಮ ಕೆಲಸದ ಬೆನ್ನೆಲುಬು. ಸಂಘಗಳಿಗೆ ಪಂಚಸೂತ್ರಗಳು ಎಂದು ಕಲಿಸುತ್ತಾರೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಲೆಕ್ಕಪುಸ್ತಕ. ಐದರಲ್ಲಿ ಸಭೆಯನ್ನೇ ಮೊದಲು ಇಟ್ಟಿದ್ದಾರೆ, ಮತ್ತು ಸಭೆ ತಪ್ಪಿದ ಸಂಘದಲ್ಲಿ ಉಳಿದ ನಾಲ್ಕು ಸೂತ್ರಗಳೂ ಒಂದಾದ ಮೇಲೊಂದು ಕಳಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಸಭೆಯೇ ದಂಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾವು ಮಾಡುವುದನ್ನು ಹೇಳುತ್ತೇನೆ. ಎಲ್ಲರೂ ನೆಲದ ಮೇಲೆ ಜಮಖಾನ ಹಾಸಿ ವೃತ್ತಾಕಾರವಾಗಿ ಕೂರುತ್ತೇವೆ, ನಡುವೆ ನಡವಳಿ ಪುಸ್ತಕ ಮತ್ತು ಹಣದ ಪೆಟ್ಟಿಗೆ ಇರುತ್ತವೆ. ವೃತ್ತದಲ್ಲಿ ಹಿಂದಿನ ಸಾಲು ಇರುವುದಿಲ್ಲವಾದ್ದರಿಂದ ಯಾರೂ ಯಾರ ಬೆನ್ನ ಹಿಂದೆಯೂ ಅಡಗುವಂತಿಲ್ಲ. ಸಾಲ ಕೊಡುವ ವಿಷಯ ಬಂದಾಗ ಬೇಕಾದವರು ಎಲ್ಲರ ಎದುರಿಗೆ ಎಷ್ಟು, ಯಾತಕ್ಕೆ, ಎಷ್ಟು ಕಂತು ಎಂದು ತಾವೇ ಬಾಯಿಬಿಟ್ಟು ಹೇಳಬೇಕು. ನಾನು ಬರೆದಾದ ಮೇಲೆ, ಸಹಿ ಹಾಕುವ ಮುಂಚೆ, ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತೇನೆ. ಓದಲು ಬಾರದ ಸದಸ್ಯರಿದ್ದಾರೆ ಎಂಬ ಕಾರಣಕ್ಕೆ ಶುರುವಾದ ಪದ್ಧತಿ ಇದು, ಆದರೆ ಓದು ಬಲ್ಲವರಿಗೂ ಇದರಿಂದ ಅಷ್ಟೇ ಉಪಯೋಗವಾಗಿದೆ. "ಅಯ್ಯೋ, ನಾನು ಹಂಗ್ ಹೇಳ್ನಿಲ್ಲ ಕಣಕ್ಕ, ಎರಡು ಕಂತು ಅಂದಿದ್ದು" ಎಂಬ ತಿದ್ದುಪಡಿ ಅಲ್ಲೇ ಬರುತ್ತದೆ. ನಾಳೆ ಜಗಳವಾಗಿ ಬರಬೇಕಾದದ್ದು ಇವತ್ತು ಒಂದು ಕಾಟಿನಲ್ಲಿ ಮುಗಿಯುತ್ತದೆ.

ಹತ್ತು ಜನರಲ್ಲಿ ಹಾವು ಸಾಯದು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಎಲ್ಲರ ಕೈಯಲ್ಲೂ ಕೋಲಿರುತ್ತದೆ, ಹೊಡೆಯುವವರು ಯಾರೆಂದು ಗೊತ್ತಿರುವುದಿಲ್ಲ. ಅದಕ್ಕೆ ಒಕ್ಕೂಟದ ಸಭೆಯಲ್ಲಿ "ನಾವೆಲ್ಲ ಸೇರಿ ಮಾಡೋಣ" ಎಂದು ಯಾರಾದರೂ ಹೇಳಿದರೆ ನಾನು ಪೆನ್ನನ್ನು ಕೆಳಗಿಡುತ್ತೇನೆ. "ಯಾರ್ ಮಾಡ್ತೀರಿ, ಯಾವತ್ತ್ ಮಾಡ್ತೀರಿ ಹೇಳಿ, ಆಮೇಲ್ ಬರೀತೀನಿ" ಎನ್ನುತ್ತೇನೆ. ಮೊದಮೊದಲು ಕೆಲವರಿಗೆ ಬೇಸರವಾಯಿತು. ಈಗ ಅವರೇ ಹೆಸರು ಮತ್ತು ತಾರೀಖು ಹೇಳಿ ಮಾತು ಮುಗಿಸುತ್ತಾರೆ.

ಕಂಪನಿ ಸೆಕ್ರೆಟರಿ, ಸರಸ್ವತಿಪುರಂ, ಮೈಸೂರು

ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಬೇರೆ ಬೇರೆ ಸಭೆಗಳನ್ನು ಒಂದೇ ಎಂದು ತಿಳಿದು ಗೊಂದಲಕ್ಕೊಳಗಾಗುವ ಸಂಸ್ಥೆಗಳು ನನ್ನ ಬಳಿಗೆ ಬರುತ್ತಿರುತ್ತವೆ. 2013ರ ಕಂಪನಿ ಕಾಯ್ದೆಯಂತೆ ನಿರ್ದೇಶಕ ಮಂಡಳಿಯ ಸಭೆಗೆ ಕನಿಷ್ಠ 7 ದಿನ ಮುಂಚಿತವಾಗಿ ಲಿಖಿತ ತಿಳುವಳಿಕೆ ಪತ್ರ ಹೋಗಬೇಕು, ವರ್ಷಕ್ಕೆ ಕನಿಷ್ಠ 4 ಸಭೆ ನಡೆಯಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರವಿರಬಾರದು. ಏಕವ್ಯಕ್ತಿ ಕಂಪನಿ ಮತ್ತು ಸಣ್ಣ ಕಂಪನಿಗಳಿಗೆ ಇದರಲ್ಲಿ ರಿಯಾಯಿತಿ ಇದೆ. ಒಟ್ಟು ನಿರ್ದೇಶಕರಲ್ಲಿ ಮೂರನೆಯ ಒಂದು ಭಾಗ ಅಥವಾ ಇಬ್ಬರು, ಇವುಗಳಲ್ಲಿ ಯಾವುದು ಹೆಚ್ಚೋ ಅದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ನಡವಳಿಯನ್ನು 30 ದಿನಗಳೊಳಗೆ ಪುಸ್ತಕಕ್ಕೆ ಸೇರಿಸಬೇಕು. ತಮ್ಮ ಸೋಮವಾರದ ಸಭೆಗೆ ಇವುಗಳಲ್ಲಿ ಯಾವುದೂ ಅನ್ವಯಿಸುವುದಿಲ್ಲ.

ಆದರೂ ಆ ನಿಯಮಗಳ ಹಿಂದಿರುವ ತರ್ಕವನ್ನು ತಾವು ಎರವಲು ಪಡೆಯಬಹುದು. ಕಾಗದ ಮೊದಲು, ಮಾತು ಆಮೇಲೆ ಎಂಬುದು ಆ ತರ್ಕ. ತಿಳುವಳಿಕೆ ಪತ್ರಕ್ಕೆ ಕಾಯ್ದೆ ಅವಧಿ ನಿಗದಿ ಮಾಡಿರುವುದು, ಸದಸ್ಯ ಯೋಚಿಸಿಕೊಂಡು ಬರಲಿ ಎಂಬ ಉದ್ದೇಶದಿಂದ. ತಮಗೆ 7 ದಿನ ಬೇಡ, ಶನಿವಾರ ಮಧ್ಯಾಹ್ನ ಕೈಸೇರಿದರೆ ಸಾಕು. ಕಾರ್ಯಸೂಚಿಯಲ್ಲಿ "ಗೇಜ್‌ಗಳು", "ರಿಜೆಕ್ಷನ್" ಎಂದು ಬರಿಯ ತಲೆಬರಹಗಳನ್ನು ಕೊಡಬೇಡಿ, ಪ್ರಶ್ನೆಯನ್ನು ಬರೆಯಿರಿ. "ಸವೆದ ಗೇಜ್ ಪ್ರಯೋಗಾಲಯದಿಂದ ಬರುವವರೆಗೆ ಬದಲಿ ಗೇಜ್ ಖರೀದಿಸಬೇಕೇ, ಅಥವಾ ಆ ಲೈನನ್ನು ನಿಲ್ಲಿಸಬೇಕೇ?" ಎಂದು ಬರೆದರೆ ಖರೀದಿಯವರು ಬೆಲೆ ವಿಚಾರಿಸಿಕೊಂಡು ಬರುತ್ತಾರೆ. ಪ್ರಶ್ನೆಯಾಗಿ ಬರೆಯಲು ಆಗದ ವಿಷಯಕ್ಕೆ ಸಭೆ ಬೇಕಿಲ್ಲ, ಒಂದು ಸಂದೇಶ ಸಾಕು.

ಇನ್ನು ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಾನೂನಿನಡಿ ರಚನೆಯಾಗುವ ಕಾರ್ಯ ಸಮಿತಿ ಇದ್ದರೆ, ಅದರ ಸಭೆಯನ್ನು ಸೋಮವಾರದ ಸಭೆಯೊಳಗೆ ಸೇರಿಸಬೇಡಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಾಲದಿಂದಲೂ ಆ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳ ಸಂಖ್ಯೆ ಆಡಳಿತದವರಿಗಿಂತ ಕಡಿಮೆ ಇರುವಂತಿಲ್ಲ. ಅದರ ಉದ್ದೇಶವೂ ಬೇರೆ, ನಡವಳಿಯೂ ಬೇರೆ.

ಉತ್ಪಾದನಾ ವಿಭಾಗದ ಮುಖ್ಯಸ್ಥ, ಹೆಬ್ಬಾಳ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಧೀಕ್ಷಕರು ಹೇಳಿದ್ದು ನಿಜ. ಈ ಸೋಮವಾರ ಗಡಿಯಾರ ನೋಡಿ ಗುರುತು ಹಾಕಿಕೊಂಡೆ: ಹಿಂದಿನ ವಾರದ ಅಂಕಿಗಳನ್ನು ಓದುವುದಕ್ಕೇ ಒಂದು ಗಂಟೆ ಐವತ್ತು ನಿಮಿಷ ಹೋಯಿತು, ಆ ಅಂಕಿಗಳೆಲ್ಲ ಶನಿವಾರವೇ ಎಲ್ಲರ ಕಂಪ್ಯೂಟರಿನಲ್ಲಿದ್ದವು.

ನನ್ನದೊಂದು ಕಷ್ಟ ಉಳಿದಿದೆ. ನಮ್ಮ ಜನರಲ್ ಮ್ಯಾನೇಜರ್ ಸಭೆಗೆ ಬರುತ್ತಾರೆ. ಅವರು ಅನುಭವಿಗಳು, ಒಳ್ಳೆಯ ಮನಸ್ಸಿನವರು, ವಿಷಯ ಎತ್ತಿದ ಕೂಡಲೇ ತಮ್ಮ ಅಭಿಪ್ರಾಯ ಹೇಳಿಬಿಡುತ್ತಾರೆ. ಅಲ್ಲಿಗೆ ಉಳಿದ ಹತ್ತು ಜನರೂ ಹೂಂಗುಟ್ಟುತ್ತಾರೆ. ಸಭೆ ಮುಗಿಸಿ ಕ್ಯಾಂಟೀನಿಗೆ ಹೋದಾಗ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, "ಅದು ಆಗೋ ಕೆಲಸ ಅಲ್ಲ ಸರ್" ಎಂದು ನನಗೆ ಹೇಳುತ್ತಾರೆ. ಇದನ್ನು ಜನರಲ್ ಮ್ಯಾನೇಜರ್ ಅವರಿಗೆ ಅಗೌರವವಾಗದಂತೆ ಸರಿಪಡಿಸುವುದು ಹೇಗೆ?

ಮಾಜಿ ಸೈನಿಕ, ಈಗ ಆಡಳಿತ ವ್ಯವಸ್ಥಾಪಕ, ಮಂಡ್ಯ

ಇದಕ್ಕೆ ಸೈನ್ಯದಲ್ಲಿ ಕಂಡ ಒಂದು ಪದ್ಧತಿಯನ್ನು ಹೇಳಬಲ್ಲೆ. ಸೈನ್ಯದಲ್ಲಿ ದರ್ಜೆಗೆ ಎಷ್ಟು ಬೆಲೆ ಇದೆಯೆಂದು ಎಲ್ಲರಿಗೂ ತಿಳಿದಿದೆ. ಅಂಥ ಕಡೆಯೂ ಕೋರ್ಟ್ ಮಾರ್ಷಲ್‌ನಲ್ಲಿ (ಸೈನಿಕ ನ್ಯಾಯಾಲಯದಲ್ಲಿ) ತೀರ್ಪಿನ ಬಗ್ಗೆ ಸದಸ್ಯರ ಅಭಿಪ್ರಾಯ ಪಡೆಯುವಾಗ ಅತ್ಯಂತ ಕಿರಿಯ ದರ್ಜೆಯವರಿಂದ ಆರಂಭಿಸುತ್ತಾರೆ, ಅಧ್ಯಕ್ಷರ ಸರದಿ ಕೊನೆಯಲ್ಲಿ ಬರುತ್ತದೆ. ಹಿರಿಯರ ಮಾತು ಮೊದಲು ಬಿದ್ದರೆ ಕಿರಿಯರ ಮಾತು ಅದರ ನೆರಳಾಗುತ್ತದೆ ಎಂಬುದನ್ನು ಅರಿತು ಮಾಡಿದ ನಿಯಮ ಅದು, ಹಿರಿತನವನ್ನು ಕಡಿಮೆ ಮಾಡುವುದಕ್ಕಲ್ಲ.

ತಾವು ಜನರಲ್ ಮ್ಯಾನೇಜರ್ ಅವರನ್ನು ಸಭೆಯ ಹೊರಗೆ, ಒಬ್ಬರೇ ಇರುವಾಗ ಕಂಡು, "ಸರ್, ತಾವು ಮೊದಲು ಹೇಳಿದರೆ ಹುಡುಗರು ತಮಗೆ ತಿಳಿದದ್ದನ್ನು ಹೇಳುವುದೇ ಇಲ್ಲ, ದಯವಿಟ್ಟು ಕೊನೆಯಲ್ಲಿ ಹೇಳಿ" ಎಂದು ನೇರವಾಗಿ ಕೇಳಿ. ಅನುಭವಿಗಳಾಗಿದ್ದರೆ ಖಂಡಿತ ಒಪ್ಪುತ್ತಾರೆ. ಸಭೆಯ ನಡುವೆ ಎಲ್ಲರ ಮುಂದೆ ಮಾತ್ರ ಇದನ್ನು ಹೇಳಬೇಡಿ. ನಮ್ಮ ಸಂಸ್ಥೆಯಲ್ಲಿ ನಾನೇ ಅಧ್ಯಕ್ಷತೆ ವಹಿಸುವಾಗ, ಸೇರಿ ಒಂದು ವರ್ಷವೂ ಆಗದ ಸ್ಟೋರ್ಸ್ ಸಹಾಯಕನಿಂದ ಶುರು ಮಾಡುತ್ತೇನೆ. ಅವನಿಗೆ ಶನಿವಾರವೇ ಪ್ರಶ್ನೆಯನ್ನು ಕೊಟ್ಟಿರುತ್ತೇನೆ. ದಿಢೀರನೆ ಕೇಳಿದರೆ ಕಿರಿಯರು ಹೆದರುತ್ತಾರೆ, ಆಮೇಲೆ ಅವರಿಗೆ ಏನೂ ಗೊತ್ತಿಲ್ಲ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ.

ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ, ಪಾಂಡವಪುರ ತಾಲ್ಲೂಕು

ಮೇಲಿನ ಎಲ್ಲ ಮಾತುಗಳನ್ನೂ ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನಗೆ ಆತಂಕವಿದೆ. ಹೊತ್ತು ಉಳಿಸಬೇಕೆಂಬ ಹಟದಲ್ಲಿ, ಮಾತು ಬಾರದವರ ಮಾತನ್ನು ಕತ್ತರಿಸಿಬಿಡುವ ಅಪಾಯ ಇದೆ.

ನಮ್ಮ ಆಡಳಿತ ಮಂಡಳಿಯ ಸಭೆ ಮಧ್ಯಾಹ್ನ 2ಕ್ಕೆ ಸೇರುತ್ತದೆ. ನಾಲ್ಕು ಗಂಟೆಯ ಮೇಲೆ ಒಬ್ಬ ನಿರ್ದೇಶಕರೂ ಕೂರುವುದಿಲ್ಲ, ಏಕೆಂದರೆ ಮನೆಗೆ ಹೋಗಿ ಹಿಂಡಿ ಕಲಸಿ ಹಾಲು ಕರೆಯಬೇಕು. ಕೆಚ್ಚಲು ತುಂಬಿದ ಹಸು ಸಭೆ ಮುಗಿಯಲಿ ಎಂದು ಕಾಯುವುದಿಲ್ಲ. ಹೀಗಾಗಿ ಸಭೆಯ ಕೊನೆಯ ಹೊತ್ತನ್ನು ನಾನು ಯಾರಿಗೂ ನೆನಪಿಸಬೇಕಾಗಿಲ್ಲ. ತಾವೂ ಬೆಳಿಗ್ಗೆ 10ರ ಬದಲು, ನಿಜವಾಗಿ ಏಳಲೇಬೇಕಾದ ಒಂದು ಹೊತ್ತಿನ ಮುಂಚೆ ಸಭೆ ಇಡಿ. ಎರಡನೆಯ ಶಿಫ್ಟ್ 2ಕ್ಕೆ ಬದಲಾಗುವುದಾದರೆ 1 ಗಂಟೆಗೆ ಕೂರಿ. ಗಡಿಯಾರ ಹೇಳಿದರೆ ಕೇಳದವರು ಕೆಲಸ ಕರೆದರೆ ಏಳುತ್ತಾರೆ.

ಇನ್ನು ನನ್ನ ಆತಂಕದ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದಲ್ಲಿ ಸಂಜೆಯ ಹಾಲಿನ ಜಿಡ್ಡಿನಂಶ ಕಡಿಮೆ ಬರತೊಡಗಿತು. ಮೂರು ಸಭೆಗಳಲ್ಲಿ ಯಾರು ನೀರು ಬೆರೆಸುತ್ತಿದ್ದಾರೆ ಎಂಬ ಒಂದೇ ಚರ್ಚೆ. ಊರಿನಲ್ಲಿ ಮನಸ್ಸುಗಳು ಮುರಿಯುವ ಹಂತಕ್ಕೆ ಬಂತು. ಒಂದು ಸಂಜೆ ಕ್ಯಾನ್ ಇಳಿಸಿ ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ಕರೆದು, "ಬೆಳಿಗ್ಗೆ ಹುಡುಗ ಹಾಲು ಕಲಕಿ ಸ್ಯಾಂಪಲ್ ತೆಗೀತಾನೆ, ಸಂಜೆ ಹುಡುಗ ಕಲಕದೇ ತೆಗೀತಾನಲ್ಲಪ್ಪ" ಎಂದರು. ಕೆನೆ ಮೇಲಕ್ಕೆ ಬಂದಿರುತ್ತದೆ, ಕಲಕದೆ ಅಡಿಯಿಂದ ತೆಗೆದರೆ ಜಿಡ್ಡು ಕಡಿಮೆ ತೋರಿಸುತ್ತದೆ. ಮಾರನೆಯ ಸಂಜೆ ನಾನೇ ಪಕ್ಕದಲ್ಲಿ ನಿಂತು ಪ್ರತಿ ಕ್ಯಾನನ್ನೂ ಕಲಕಿಸಿದೆ, ಅಂಕಿ ಬೆಳಗಿನ ಮಟ್ಟಕ್ಕೆ ಬಂದು ನಿಂತಿತು. ಆ ಅಜ್ಜಿ ಪ್ರತಿ ದಿನ ಎರಡು ಹೊತ್ತೂ ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ಮೂರು ಸಭೆಗಳಲ್ಲಿ ಅವರನ್ನು ಕರೆದವರಿಲ್ಲ, ಕೇಳಿದವರಿಲ್ಲ. ಹಾಗಾಗಿ ತಮ್ಮನ್ನು ಕೇಳುತ್ತೇನೆ: ಆ ಗೇಜನ್ನು ದಿನವೂ ಕೈಯಲ್ಲಿ ಹಿಡಿಯುವವರು ಯಾರು? ಅವರು ನಿಮ್ಮ ಹನ್ನೊಂದು ಜನರಲ್ಲಿ ಇದ್ದಾರೆಯೇ?

ಶುಶ್ರೂಷಾ ವಿಭಾಗದ ಮೇಲ್ವಿಚಾರಕಿ, ಮೈಸೂರು

ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ನಾವು ಮಾಡುವುದು ಸಭೆಯಲ್ಲ, ಹಸ್ತಾಂತರ. ರೋಗಿಯ ಮಂಚದ ಪಕ್ಕದಲ್ಲೇ ನಿಂತು ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಮುಂದೆ ಮಾಡಬೇಕಾದದ್ದು ಎಂಬ ಕ್ರಮದಲ್ಲಿ ಹೇಳುತ್ತೇವೆ, ಕೇಳಿಸಿಕೊಂಡವರು ಮುಖ್ಯವಾದದ್ದನ್ನು ತಿರುಗಿ ಹೇಳುತ್ತಾರೆ. ತಮ್ಮ ಒಂದು ಗಂಟೆ ಐವತ್ತು ನಿಮಿಷದ ಅಂಕಿಗಳಲ್ಲಿ ಬಹುಪಾಲು ಇಂಥ ಹಸ್ತಾಂತರಕ್ಕೆ ಸೇರಿದವು. ಅವನ್ನು ಪ್ರತಿ ಶಿಫ್ಟ್ ಬದಲಾವಣೆಯಲ್ಲಿ ಯಂತ್ರದ ಪಕ್ಕದಲ್ಲಿ ನಿಂತು ಹತ್ತು ನಿಮಿಷದಲ್ಲಿ ಮುಗಿಸಬಹುದು. ಸೋಮವಾರದವರೆಗೆ ಅವು ಕಾಯಬಾರದು.

ತಂತ್ರಾಂಶ ತಂಡದ ನಾಯಕಿ, ಮೈಸೂರು

ನಮ್ಮ ತಂಡದ ಅರ್ಧ ಜನ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದಾರೆ. ನಮಗೂ ಅವರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅವರು ಗಡಿಯಾರ ಬದಲಿಸಿದಾಗ ನಮ್ಮ ಸಭೆಯ ಹೊತ್ತೂ ಒಂದು ಗಂಟೆ ಸರಿಯುತ್ತದೆ. ಯಾವ ಹೊತ್ತನ್ನು ಆರಿಸಿದರೂ ಒಂದು ಕಡೆಯವರ ಊಟ ಅಥವಾ ನಿದ್ದೆ ಹೋಗುವುದರಿಂದ, ಆ ತೊಂದರೆಯನ್ನು ಮೂರು ತಿಂಗಳು ಅವರು, ಮೂರು ತಿಂಗಳು ನಾವು ಎಂದು ಹಂಚಿಕೊಂಡಿದ್ದೇವೆ.

ನಾವು ಕಲಿತ ಒಂದು ಅಭ್ಯಾಸ ತಮಗೂ ಉಪಯೋಗವಾದೀತು. ದೊಡ್ಡ ತೀರ್ಮಾನವಿದ್ದಾಗ ಒಂದೂವರೆ ಪುಟದ ಟಿಪ್ಪಣಿ ಬರೆದು, ಸಭೆಯ ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ ಅದನ್ನು ಓದುತ್ತೇವೆ. ಮುಂಚೆಯೇ ಕಳುಹಿಸಿದರೂ ಓದದೆ ಬರುವವರು ಇದ್ದೇ ಇರುತ್ತಾರೆ, ಅವರಿಗೆ ವಿವರಿಸುವುದರಲ್ಲಿ ಓದಿದವರ ಹೊತ್ತು ಹೋಗುತ್ತದೆ. ಮತ್ತೊಂದು ಎಚ್ಚರಿಕೆ: ಸಭೆಯನ್ನು ಪೂರ್ತಿ ರೆಕಾರ್ಡ್ ಮಾಡಿ ಯಂತ್ರದಿಂದ ಬರಹಕ್ಕಿಳಿಸಿಕೊಂಡರೆ ಅದು ನಡವಳಿಯಾಗುವುದಿಲ್ಲ. ಆಡಿದ್ದೆಲ್ಲ ಅದರಲ್ಲಿರುತ್ತದೆ, ಒಪ್ಪಿಕೊಂಡದ್ದು ಯಾವುದು ಎಂಬುದು ಇರುವುದಿಲ್ಲ.

ನಿವೃತ್ತ ಕಚೇರಿ ಅಧೀಕ್ಷಕ, ಕುವೆಂಪುನಗರ

ಕೊನೆಯ ಮಾತನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ. ವಾಟ್ಸ್ಯಾಪ್ ಗುಂಪಿನಲ್ಲಿ "ಸರಿ ಸರ್" ಎಂದು ಹಾಕಿದ್ದನ್ನು ತೀರ್ಮಾನ ಎಂದು ತಿಳಿಯುವ ಅಭ್ಯಾಸವೂ ಬೆಳೆಯುತ್ತಿದೆ. ಎರಡು ದಿನದಲ್ಲಿ ಅದು ನೂರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ನಡವಳಿಯನ್ನು ಅದೇ ದಿನ, ಒಂದೇ ಪುಟದಲ್ಲಿ, ಒಂದೇ ಪುಸ್ತಕದಲ್ಲಿ ಬರೆಯಿರಿ. ಬರೆಯುವ ಕೆಲಸವನ್ನು ಅತ್ಯಂತ ಕಿರಿಯರಿಗೆ ದಾಟಿಸಿಬಿಡುವುದು ಎಲ್ಲ ಕಡೆಯ ರೂಢಿ. ನಡವಳಿ ಬರೆಯುವವರಿಗೆ "ಇದು ಸ್ಪಷ್ಟವಾಗಲಿಲ್ಲ, ಯಾರು ಮಾಡುತ್ತೀರಿ?" ಎಂದು ಜನರಲ್ ಮ್ಯಾನೇಜರನ್ನೂ ತಡೆದು ಕೇಳುವ ಅಧಿಕಾರವಿರಬೇಕು. ಮದ್ದೂರಿನ ಸಹೋದರಿ ಪೆನ್ನು ಕೆಳಗಿಡುತ್ತಾರಲ್ಲ, ಆ ಅಧಿಕಾರ.

ಉತ್ಪಾದನಾ ವಿಭಾಗದ ಮುಖ್ಯಸ್ಥ, ಹೆಬ್ಬಾಳ (ಏಳು ವಾರಗಳ ನಂತರ)

ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಮಾಡಿ ನೋಡಿ ಬರೆಯಬೇಕೆಂದುಕೊಂಡೆ.

ಅಂಕಿಗಳನ್ನು ಶಿಫ್ಟ್ ಬದಲಾವಣೆಯ ಹಸ್ತಾಂತರಕ್ಕೆ ಸಾಗಿಸಿದೆವು; 6, 2 ಮತ್ತು 10 ಗಂಟೆಗೆ ಲೈನಿನ ಬೋರ್ಡಿನ ಮುಂದೆ ನಿಂತುಕೊಂಡೇ ಮುಗಿಯುತ್ತದೆ. ಸೋಮವಾರದ ಸಭೆಯನ್ನು ಮಧ್ಯಾಹ್ನ 1 ಗಂಟೆಗೆ ಇಟ್ಟೆವು. ಕಾರ್ಯಸೂಚಿ ಶನಿವಾರ 4 ಗಂಟೆಗೆ ಹೊರಡುತ್ತದೆ, ಮೂರು ಅಥವಾ ನಾಲ್ಕು ಪ್ರಶ್ನೆಗಳಿರುತ್ತವೆ. ಯಾವ ಪ್ರಶ್ನೆಗೆ ಯಾರು ಬೇಕೋ ಅವರು ಮಾತ್ರ ಬರುತ್ತಾರೆ, ಹನ್ನೊಂದರ ಬದಲು ಸಾಮಾನ್ಯವಾಗಿ ಆರು ಅಥವಾ ಏಳು ಜನ. ಮೊದಲ ವಾರ ಕರೆಯದೆ ಬಿಟ್ಟ ಇಬ್ಬರಿಗೆ ನೋವಾಯಿತು, ತಮ್ಮನ್ನು ಬದಿಗೆ ಸರಿಸಿದರೆಂದು ತಿಳಿದರು. ಅದನ್ನು ನಾನು ಮುಂಚಿತವಾಗಿಯೇ ಹೋಗಿ ವಿವರಿಸಬೇಕಿತ್ತು. ಈಗ ನಡವಳಿ ಅದೇ ಸಂಜೆ ಎಲ್ಲರಿಗೂ ತಲುಪುವುದರಿಂದ ಆ ಅಸಮಾಧಾನ ಕಡಿಮೆಯಾಗಿದೆ.

ಜನರಲ್ ಮ್ಯಾನೇಜರ್ ಅವರನ್ನು ಒಬ್ಬರೇ ಇರುವಾಗ ಕಂಡು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಯಾರೂ ನನಗೆ ಹೇಳಲಿಲ್ಲವಲ್ಲ" ಎಂದರು. ಅಂದಿನಿಂದ ಕೊನೆಯಲ್ಲೇ ಮಾತಾಡುತ್ತಾರೆ.

ಪಾಂಡವಪುರದ ಕಾರ್ಯದರ್ಶಿಗಳು ಕೇಳಿದ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾಗಿತ್ತು. ಆ ಗೇಜನ್ನು ದಿನವೂ ಹಿಡಿಯುವ ಲೈನ್ ಇನ್‌ಸ್ಪೆಕ್ಟರ್ ಹುಡುಗಿಯನ್ನು ಎರಡನೆಯ ವಾರ ಕರೆದೆವು. ಗೇಜ್ ಎಂದಿಗಿಂತ ಸಡಿಲವಾಗಿ ಇಳಿಯುತ್ತಿದೆ ಎಂದು ತಾನು ಮೊದಲೇ ಮೇಲ್ವಿಚಾರಕರಿಗೆ ಹೇಳಿದ್ದೆನೆಂದು ಆಕೆ ಹೇಳಿದಳು. ಕೈಗೆ ಗೊತ್ತಾಗುತ್ತದೆ ಎಂದಳು. ಈಗ ಅವಧಿ ಮುಗಿಯುವ ಹದಿನೈದು ದಿನ ಮುಂಚೆ ಗೇಜ್‌ಗೆ ಕೆಂಪು ಟ್ಯಾಗ್ ಕಟ್ಟುವ ಅಧಿಕಾರವನ್ನು ಆಕೆಗೇ ಕೊಟ್ಟಿದ್ದೇವೆ, ಟ್ಯಾಗ್ ಇರುವ ಗೇಜ್‌ಗೆ ಬದಲಿ ಬರದೆ ಅವಧಿ ಮುಗಿದರೆ ಲೈನ್ ನಿಲ್ಲುತ್ತದೆ.

ನಡವಳಿ ಪುಸ್ತಕದಲ್ಲಿ ಏನು, ಯಾರು, ಯಾವ ದಿನ ಎಂಬ ಮೂರು ಅಂಕಣಗಳಿವೆ. ಇದರಿಂದ ನಾನು ನಿರೀಕ್ಷಿಸದೆ ಇದ್ದ ಒಂದು ಸಂಗತಿ ಬೆಳಕಿಗೆ ಬಂತು. ನಾಲ್ಕನೆಯ ವಾರ 'ಯಾರು' ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಹದಿನಾಲ್ಕು ಕೆಲಸಗಳಲ್ಲಿ ಒಂಬತ್ತು ಒಬ್ಬರೇ ನಿರ್ವಹಣಾ ಮೇಲ್ವಿಚಾರಕರ ಹೆಸರಿನಲ್ಲಿದ್ದವು. ಅವರು ಕೆಲಸ ಮುಂದೂಡುವವರು ಎಂದು ಇಷ್ಟು ದಿನ ನಾವೆಲ್ಲ ಅಂದುಕೊಂಡಿದ್ದೆವು. ಆ ದಿನವೇ ನಾಲ್ಕನ್ನು ಬೇರೆಯವರಿಗೆ ಹಂಚಿದೆವು, ನಾನೂ ಒಂದನ್ನು ತೆಗೆದುಕೊಂಡೆ.

ಕಳೆದ ಸೋಮವಾರ ಸಭೆ ಐವತ್ತು ನಿಮಿಷಕ್ಕೆ ಮುಗಿಯಿತು. ಆದರೆ ಬದಲಿ ಗೇಜ್ ಖರೀದಿಯ ತಾರೀಖು ಮೂರು ಸಲ ಮುಂದಕ್ಕೆ ಹೋಗಿದೆ. ಹೆಸರಿದೆ, ದಿನವಿದೆ, ಪ್ರತಿ ವಾರ ಹೊಸ ದಿನ ಬರೆಯುತ್ತಿದ್ದೇವೆ. ಇದು ಹಳೆಯ ರೋಗವೇ ಹೊಸ ಅಂಕಣದಲ್ಲಿ ಬಂದಂತೆ ಕಾಣುತ್ತಿದೆ. ಏನು ಮಾಡಲಿ?

ಸ್ವಸಹಾಯ ಸಂಘಗಳ ಒಕ್ಕೂಟದ ಪುಸ್ತಕ ಬರಹಗಾರ್ತಿ, ಮದ್ದೂರು ತಾಲ್ಲೂಕು

ಸರ್, ಕಂತು ಎರಡು ಸಲ ತಪ್ಪಿದರೆ ನಾವು ಮೂರನೆಯ ತಾರೀಖು ಬರೆಯುವುದಿಲ್ಲ. ತಾರೀಖಿನ ಜಾಗವನ್ನು ಖಾಲಿ ಬಿಟ್ಟು, ಸಭೆ ಮುಗಿದ ಮೇಲೆ ಇಬ್ಬರು ಸದಸ್ಯರು ಅವರ ಮನೆಗೆ ಹೋಗಿ ಕೂತು ಕಾರಣ ಕೇಳಿಕೊಂಡು ಬರುತ್ತಾರೆ. ಹಸು ಸತ್ತಿರುತ್ತದೆ, ಆಸ್ಪತ್ರೆಯ ಖರ್ಚು ಬಂದಿರುತ್ತದೆ, ಎಲ್ಲರ ಎದುರಿಗೆ ಹೇಳಲಾಗದ್ದು ಏನಾದರೂ ಇರುತ್ತದೆ. ತಾವೂ ಖರೀದಿಯವರ ಮೇಜಿನ ಬಳಿ ಹೋಗಿ ಕೂತು ಕೇಳಿ, ಅವರಿಗೆ ಅಷ್ಟು ಮೊತ್ತಕ್ಕೆ ಸಹಿ ಹಾಕುವ ಅಧಿಕಾರ ಇದೆಯೇ ಎಂದು. ಇಲ್ಲವಾದರೆ ಆ ಸಾಲಿನಲ್ಲಿ ಬರೆದಿರುವ ಹೆಸರು ತಪ್ಪು, ಸಹಿ ಹಾಕಬೇಕಾದವರ ಹೆಸರನ್ನು ಮುಂದಿನ ಸೋಮವಾರ ಅವರ ಎದುರಿಗೇ ಗಟ್ಟಿಯಾಗಿ ಓದಿ ಬರೆಯಿರಿ.